'ಹಸಿರು ಚೀಟಿ' ಬರೆದದ್ದು ರೇಲ್ಯಾ ಅಲ್ಲ

ಎಲ್ಲರಿಗೂ ನಮಸ್ಕಾರ. ಲ್ಯುಬಿಂಕಾ ಅಮ್ಮ, ಮಗನನ್ನು ಕಳೆದುಕೊಂಡ ನಲವತ್ತನೆಯ ದಿನ ಚುಪ್ರಿಯಾದಿಂದ ಇಲ್ಲಿಯವರೆಗೆ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದೀರಿ. ನಿಮಗೆ ಮೊದಲ ನಮಸ್ಕಾರ. ಡೀನ್ ಮೇಡಂ, ಪ್ರೊಫೆಸರರೆ, ರೇಲ್ಯಾನ ತರಗತಿಯವರೆ, ಜಾಗ ಸಿಗದೆ ಗೋಡೆಗೆ ಒರಗಿ ನಿಂತವರೆ —

ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಏಳು ತಿಂಗಳಿಂದ ಬಚ್ಚಿಟ್ಟುಕೊಂಡ ಮಾತು. ನಡುವೆ ಎಲ್ಲೋ ಸೇರಿಸೋಣ ಎಂದುಕೊಂಡರೆ ನಾನು ಅದನ್ನು ನುಂಗಿಬಿಡುತ್ತೇನೆ, ನನ್ನ ಗುಣ ನನಗೆ ಗೊತ್ತು. ಏಪ್ರಿಲ್ ತಿಂಗಳಲ್ಲಿ 'ಮೊದಲ ಮಹಡಿ' ಭಿತ್ತಿಪತ್ರಿಕೆಯಲ್ಲಿ 'ಹಸಿರು ಚೀಟಿ' ಎಂಬ ಲೇಖನ ಬಂತು. ಕೆಳಗೆ ಹೆಸರಿರಲಿಲ್ಲ. ಅದಕ್ಕಾಗಿ ರೇಲ್ಯಾನನ್ನು ಒಂದು ವರ್ಷ ಹೊರಗಿಟ್ಟರು. ಅದನ್ನು ಬರೆದದ್ದು ರೇಲ್ಯಾ ಅಲ್ಲ. ನಾನು.

— ದಯವಿಟ್ಟು. ಸ್ವಲ್ಪ ಕೇಳಿ. ಪ್ರೊಫೆಸರ್ ಗವ್ರಿಲೊವಿಚ್, ತಾವು ಎದ್ದು ಹೋಗುವುದಾದರೆ ಹೋಗಬಹುದು, ಬಾಗಿಲು ತೆರೆದೇ ಇದೆ. ಆದರೆ ತಮ್ಮ ವಿಷಯ ಇನ್ನೂ ಬಂದಿಲ್ಲ. — ಕೂತಿರಿ. ಒಳ್ಳೆಯದು.

ನಾನು ಯಗೋದಾ. ನಿಮ್ಮಲ್ಲಿ ಹೆಚ್ಚಿನವರಿಗೆ ನನ್ನ ಮುಖ ಗೊತ್ತಿರಲಾರದು, ಕೈ ಗೊತ್ತು. ಮೆಟ್ಟಿಲ ಅಡಿಯ ಜೆರಾಕ್ಸ್ ಅಂಗಡಿಯ ಕಿಂಡಿ ಇಷ್ಟೇ ಎತ್ತರ, ಇಲ್ಲಿಗೆ — ನೀವು ಹಾಳೆ ಕೊಡುತ್ತೀರಿ, ಒಂದು ಕೈ ತೆಗೆದುಕೊಳ್ಳುತ್ತದೆ, ಬಿಸಿ ಹಾಳೆ ವಾಪಸ್ ಬರುತ್ತದೆ. ಆ ಕೈ ನನ್ನದು. ಹೈಸ್ಕೂಲು ಎರಡನೆಯ ವರ್ಷದಲ್ಲೇ ಬಿಟ್ಟೆ. ಯಾರೂ ಹೊರಗೆ ಹಾಕಲಿಲ್ಲ, ಮನೆಯಲ್ಲಿ ಕಷ್ಟವೂ ಇರಲಿಲ್ಲ. ಕೂರಲಾಗಲಿಲ್ಲ, ಅಷ್ಟೆ. ಒಂದು ಮಂಗಳವಾರ ರಸಾಯನಶಾಸ್ತ್ರದ ತರಗತಿಯ ನಡುವೆ ಚೀಲ ತೆಗೆದುಕೊಂಡು ಹೊರಟೆ, ಮತ್ತೆ ಹೋಗಲಿಲ್ಲ. ಇಲ್ಲಿ ಮಾತಾಡಿದವರೆಲ್ಲ ಡಿಗ್ರಿ ಇರುವವರು. ನನ್ನ ಮಾತಿನಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ.

ಈಗ ತಾನೆ ನನ್ನ ಹೆಸರು ಕೂಗುವಾಗ 'ರೇಲ್ಯಾನ ಸಹೋದ್ಯೋಗಿ' ಎಂದರು. ಈ ಕಟ್ಟಡದಲ್ಲಿ ನಿನ್ನೆ ಸೇರಿದ ಹದಿನೆಂಟರ ಹುಡುಗನನ್ನೂ ಎಪ್ಪತ್ತರ ಪ್ರೊಫೆಸರ್ 'ಸಹೋದ್ಯೋಗಿ' ಎಂದೇ ಕರೆಯುತ್ತಾರೆ. "ಸಹೋದ್ಯೋಗಿ, ಒಳಗೆ ಬನ್ನಿ." "ಸಹೋದ್ಯೋಗಿ, ನೀವು ಫೇಲು." ನಿಮಗೆ ಆ ಪದ ಕಿವಿಗೂ ಬೀಳುವುದಿಲ್ಲ. ನನಗೆ ಬೀಳುತ್ತಿತ್ತು. ಮೂರು ವರ್ಷ ಕಿಂಡಿಯ ಹಿಂದೆ ನಿಂತು ಕೇಳಿದ್ದೇನೆ. ನನ್ನನ್ನು ಕರೆಯುತ್ತಿದ್ದದ್ದು "ಹುಡುಗಿ" ಎಂದು. ಮೂಡು ಚೆನ್ನಾಗಿದ್ದರೆ "ಮಗಳೇ".

ಮೊದಲ ಸಲ ರೇಲ್ಯಾ ಕಿಂಡಿಗೆ ಬಂದು ಬಗ್ಗಿ — ಅವನು ಉದ್ದ, ಗೊತ್ತಲ್ಲ, ಹೀಗೆ ಅರ್ಧ ಮಡಚಿಕೊಳ್ಳಬೇಕಿತ್ತು — ಕೇಳಿದ:

"ಸಹೋದ್ಯೋಗಿ, ಇದು ಎರಡೂ ಬದಿ ಬರುತ್ತಾ?"

"ನಾನು ನಿಮ್ಮ ಸಹೋದ್ಯೋಗಿ ಅಲ್ಲ. ಇಲ್ಲಿ ಕೆಲಸ ಮಾಡ್ತೀನಿ."

"ನಾನೂ ಇಲ್ಲೇ ಕೆಲಸ ಮಾಡೋದು. ಸಂಬಳ ಇಲ್ಲ, ಅಷ್ಟೆ."

"ಅಂಕ ಕೊಡ್ತಾರಲ್ಲ."

"ಅದನ್ನ ತಿನ್ನೋಕಾಗುತ್ತಾ?"

"ತಿನ್ನೋಕೆ ಬೇಕಿದ್ರೆ ಎದುರುಗಡೆ ಬುರೆಕ್ ಅಂಗಡಿ ಇದೆ. ಎರಡೂ ಬದಿ ಬರುತ್ತೆ, ಇಟ್ಟುಹೋಗಿ."

ಅವನು ಹೋಗಲಿಲ್ಲ. ಬುರೆಕ್ ತಂದ, ಎರಡು ಲೋಟ ಮೊಸರೂ ತಂದ, ಅಲ್ಲೇ ನಿಂತು ತಿಂದ. ಹಾಗೆ ಪರಿಚಯವಾಯಿತು.

ಇಲ್ಲಿ ಬಂದವರೆಲ್ಲ ರೇಲ್ಯಾ ಎಷ್ಟು ಒಳ್ಳೆಯವನು ಎಂದು ಹೇಳಿದಿರಿ. ಹೌದು. ನಾನು ಸುಳ್ಳು ಹೇಳುವುದಿಲ್ಲ — ನನಗೆ ಅವನನ್ನು ಕಂಡರೆ ಹೊಟ್ಟೆಕಿಚ್ಚಿತ್ತು. ದ್ವೇಷ ಅಲ್ಲ. ದ್ವೇಷವಾಗಿದ್ದರೆ ಅವನು ಬರುವ ಹೊತ್ತಿಗೆ ಕಿಂಡಿ ಮುಚ್ಚುತ್ತಿದ್ದೆ. ನಾನು ಅವನು ಬರುವ ಹೊತ್ತನ್ನೇ ಕಾಯುತ್ತಿದ್ದೆ, ಬಂದಮೇಲೆ ಉರಿದುಕೊಳ್ಳುತ್ತಿದ್ದೆ. ಅವನು ಪಾಠ ಬೇಜಾರು ಎನ್ನುತ್ತಿದ್ದ. ಆ ಪಾಠದ ನೋಟ್ಸನ್ನು ನಾನು ಮುನ್ನೂರು ಪ್ರತಿ ತೆಗೆದಿರುತ್ತಿದ್ದೆ, ಮುನ್ನೂರು ಸಲ ಓದಿರುತ್ತಿದ್ದೆ. ಬೇಜಾರು ಪಡುವುದಕ್ಕೂ ಒಂದು ಕುರ್ಚಿ ಬೇಕು. ಆ ಕುರ್ಚಿ ಅವನಿಗಿತ್ತು. ನನಗೂ ಇತ್ತು, ನಾನೇ ಬಿಟ್ಟು ಬಂದೆ — ಅದು ಗೊತ್ತಿದ್ದದ್ದರಿಂದ ಉರಿ ಇನ್ನೂ ಜಾಸ್ತಿ.

'ಮೊದಲ ಮಹಡಿ'ಯನ್ನು ಅವನೇ ಶುರುಮಾಡಿದ. ಕಾಫಿ ಯಂತ್ರದ ಪಕ್ಕದ ಹಲಗೆಯ ಮೇಲೆ, ಎರಡು ವಾರಕ್ಕೊಮ್ಮೆ. ನೀವೆಲ್ಲ ಕಾಫಿ ಹಿಡಿದು ಓದಿದವರು. ಹೊಸಬರ ಸ್ವಾಗತದ ದಿನ ಸಂಗೀತಕ್ಕಿಂತ ಭಾಷಣ ಉದ್ದವಾದದ್ದು, ವಾರದ ಭೇಟಿಯ ಗಂಟೆಯಲ್ಲಿ ಯಾವ ಪ್ರೊಫೆಸರ್ ಕೊಠಡಿಯಲ್ಲಿ ನಿಜಕ್ಕೂ ಮನುಷ್ಯರು ಸಿಗುತ್ತಾರೆ ಎಂಬ ಪಟ್ಟಿ, ಗ್ರಂಥಾಲಯದ ಕುರ್ಚಿಗಳ ಮೇಲೆ ಒಂದು ಉದ್ದನೆಯ ಲೇಖನ. ಅವನು ಕೈಯಲ್ಲಿ ಬರೆದು ತರುತ್ತಿದ್ದ, ನಾನು ಟೈಪ್ ಮಾಡಿ ದೊಡ್ಡ ಹಾಳೆಗೆ ಏರಿಸುತ್ತಿದ್ದೆ.

ಮತ್ತೆ, ನಾನು ಸುದ್ದಿ ಕೊಡುತ್ತಿದ್ದೆ. ಕಿಂಡಿಯ ಹಿಂದೆ ನಿಂತವಳಿಗೆ ಎಲ್ಲ ಕಾಣುತ್ತದೆ. ಒಬ್ಬ ಸಹಾಯಕ ಉಪನ್ಯಾಸಕರು ನಾನಿದ್ದ ಮೂರು ವರ್ಷವೂ, ಪ್ರತಿ ಪರೀಕ್ಷೆಗೂ ಒಂದೇ ಪ್ರಶ್ನೆಪತ್ರಿಕೆಯನ್ನು ತಂದು, ತಾರೀಕಿನ ಮೇಲೆ ಮಾತ್ರ ಬಿಳಿ ಬಣ್ಣ ಬಳಿದು ಹೊಸ ತಾರೀಕು ಬರೆಯುತ್ತಿದ್ದರು. ಅಲ್ಲಿ ಬಣ್ಣ ಎಷ್ಟು ದಪ್ಪವಾಗಿತ್ತು ಎಂದರೆ ಗಾಜಿನ ಮೇಲೆ ಹಾಳೆ ಸಮನಾಗಿ ಕೂರುತ್ತಿರಲಿಲ್ಲ. ಇದನ್ನು ರೇಲ್ಯಾನಿಗೆ ಹೇಳಿದೆ. ಅವನು ನಾಲ್ಕು ಸಾಲು ಬರೆದ. ಮಾರನೆಯ ದಿನ ಮೊದಲ ಮಹಡಿಯಿಂದ ನಗು ಮೆಟ್ಟಿಲಿಳಿದು ನನ್ನ ಕಿಂಡಿಯವರೆಗೆ ಬಂತು. "ರೇಲ್ಯಾ, ನೀನು ಕೊಂದುಬಿಟ್ಟೆ ಮಾರಾಯ" ಎಂದು ಯಾರೋ ಅಂದರು. ನಾನು ಒಳಗೆ ಯಂತ್ರಕ್ಕೆ ಹಾಳೆ ತುಂಬುತ್ತಿದ್ದೆ. ನನಗೆ ನಗು ಬರಲಿಲ್ಲ.

"ನಿನ್ನ ಹೆಸರೂ ಹಾಕ್ಲಾ?" ಎಂದು ಅವನು ಕೇಳಿದ್ದುಂಟು.

"ಏನಂತ ಹಾಕ್ತೀಯ? ಜೆರಾಕ್ಸ್ ಹುಡುಗಿ ಅಂತಾನಾ?"

"ಯಗೋದಾ ಅಂತ."

"ಬೇಡ."

ಬೇಡ ಎಂದದ್ದು ನಾನೇ. ಅವನು ಕದ್ದ ಎಂದು ಯಾರೂ ತಿಳಿಯಬಾರದು. ನಾನು ಬೇಡ ಎನ್ನುತ್ತಿದ್ದೆ, ಆಮೇಲೆ ಹಾಕಲಿಲ್ಲವಲ್ಲ ಎಂದು ಸಿಟ್ಟು ಮಾಡಿಕೊಳ್ಳುತ್ತಿದ್ದೆ.

ಈಗ ಹಸಿರು ಚೀಟಿಗೆ ಬರುತ್ತೇನೆ.

ಪ್ರೊಫೆಸರ್ ಗವ್ರಿಲೊವಿಚ್ ಅವರ ಮೌಖಿಕ ಪರೀಕ್ಷೆಯಲ್ಲಿ ಮೇಜಿನ ಮೇಲೆ ಚೀಟಿಗಳ ಎರಡು ಗುಡ್ಡೆ ಇರುತ್ತವೆ. ಹಸಿರು, ಬಿಳಿ. ವಿದ್ಯಾರ್ಥಿ ಒಂದು ಎತ್ತುತ್ತಾನೆ, ಅದರಲ್ಲಿರುವ ಪ್ರಶ್ನೆಗೆ ಉತ್ತರ ಹೇಳುತ್ತಾನೆ. ಯಾವ ಗುಡ್ಡೆಯಿಂದ ಎತ್ತಬೇಕು ಎಂದು ಅವರೇ ಬೆರಳು ತೋರಿಸುತ್ತಾರೆ. ಅವು ಗುಂಪುಗಳ ಗುರುತು ಎಂದು ನೀವೆಲ್ಲ ತಿಳಿದಿದ್ದಿರಿ. ಆ ಚೀಟಿಗಳನ್ನು ಅಚ್ಚು ಹಾಕಿ ಕತ್ತರಿಸುತ್ತಿದ್ದದ್ದು ನಾನು. ಎರಡೂ ಬಣ್ಣವನ್ನು ಅಕ್ಕಪಕ್ಕ ಇಟ್ಟು ಓದಿದವಳು ಈ ಕಟ್ಟಡದಲ್ಲಿ ನಾನೊಬ್ಬಳೇ. ಹಸಿರಿನಲ್ಲಿ ಇಪ್ಪತ್ತು ಪ್ರಶ್ನೆ, ಎಲ್ಲ ಪುಸ್ತಕದ ಮೊದಲ ಎರಡು ಅಧ್ಯಾಯದವು. ಬಿಳಿಯಲ್ಲಿ ಅರವತ್ತು, ಅಡಿಟಿಪ್ಪಣಿಯಿಂದಲೂ ಕೆದಕಿದ್ದು. ಅವರ ಹೊಸ ಪುಸ್ತಕವನ್ನು ಕೊಂಡು ಕೈಯಲ್ಲಿ ಹಿಡಿದು ಬಂದವರಿಗೆ ಹಸಿರು. ಹಳೆಯ ಪ್ರತಿ ತಂದವರಿಗೆ, ನಮ್ಮ ಅಂಗಡಿಯ ಜೆರಾಕ್ಸ್ ತಂದವರಿಗೆ ಬಿಳಿ.

ಇದನ್ನು ನಾನು ರೇಲ್ಯಾನಿಗೆ ಬಾಯಲ್ಲಿ ಹೇಳಲಿಲ್ಲ. ಈ ಸಲ ಕೊಡುವುದಿಲ್ಲ ಎಂದುಕೊಂಡೆ. ನಾನೇ ಬರೆದೆ. ಮೂರು ಹಾಳೆ. ಕೊಟ್ಟೆ. ಅವನು ನಿಂತಲ್ಲೇ ಓದಿದ, ಮತ್ತೆ ಓದಿದ.

"ಯಗೋದಾ, ಇದು ನನ್ನೆಲ್ಲ ಲೇಖನಕ್ಕಿಂತ ಚೆನ್ನಾಗಿದೆ."

"ಗೊತ್ತು."

"ಒಂದು ಸಾಲು ಬದಲಾಯಿಸ್ಲಾ?"

"ಒಂದೇ ಒಂದು."

ಕೆಂಪು ಪೆನ್ನಿನಲ್ಲಿ ಒಂದು ಸಾಲು ಬರೆದ. 'ಚೀಟಿಯ ಬಣ್ಣ ಕಂಡ ಮೇಲೆ ಉತ್ತರ ಹೇಳುವುದು ಬರೀ ಸೌಜನ್ಯ.' ನೀವೆಲ್ಲ ಬಾಯಿಪಾಠ ಮಾಡಿಕೊಂಡ ಸಾಲು. ಕೆಲವರು ಟೀ-ಶರ್ಟಿನ ಮೇಲೆ ಬರೆಸಿಕೊಂಡ ಸಾಲು. ಲೇಖನ ನನ್ನದು, ಆ ಸಾಲು ಮಾತ್ರ ಅವನದು. ಇಷ್ಟು ಹೊತ್ತು ನಾನು ಧೈರ್ಯವಾಗಿ ಮಾತಾಡುತ್ತಿದ್ದೇನೆ ಎಂದು ನೀವು ಅಂದುಕೊಂಡಿರಬಹುದು — ನನಗೆ ಹೇಳಲು ಕಷ್ಟವಾದ ಮಾತು ಇದೊಂದೇ. ಮೂರು ಹಾಳೆ ನಾನು ಬರೆದೆ, ಉಳಿದದ್ದು ಅವನ ಒಂದು ಸಾಲು.

ಲೇಖನದ ಪಕ್ಕದಲ್ಲಿ ಒಂದು ಹಸಿರು ಚೀಟಿಯನ್ನೂ ಅಂಟಿಸಿದೆವು, ಸಾಕ್ಷಿ ಎಂದು. ಅಲ್ಲಿ ಎಡವಟ್ಟಾಯಿತು. ಚೀಟಿ ಗೋಡೆಯ ಮೇಲಿದೆ ಎಂದರೆ ಪರೀಕ್ಷೆಯ ಮೇಜಿನಿಂದ ಕದ್ದದ್ದು ಎಂದು ಶಿಸ್ತು ಸಮಿತಿ ತೀರ್ಮಾನಿಸಿತು. ಫೆಬ್ರವರಿಯ ಪರೀಕ್ಷೆಗೆ ಬಂದು, ಪುಸ್ತಕ ಇಲ್ಲದೆ, ಬಿಳಿ ಚೀಟಿ ಎತ್ತಿ ಫೇಲಾದವನು ರೇಲ್ಯಾ. ಎಲ್ಲ ಸರಿಹೊಂದಿತು. ಐದು ಜನ ಪ್ರೊಫೆಸರರು ಆ ಚೀಟಿಯನ್ನು ಒಬ್ಬರ ಕೈಯಿಂದ ಒಬ್ಬರು ತೆಗೆದುಕೊಂಡು ನೋಡಿದರಂತೆ.

ನೋಡಿದರು. ಓದಲಿಲ್ಲ.

ಆ ಚೀಟಿ ಇಷ್ಟಗಲ, ಇಷ್ಟುದ್ದ. ಅದರ ಮೇಲ್ಭಾಗದಲ್ಲಿ ಆರನೆಯ ಪ್ರಶ್ನೆಯ ಕೊನೆಯ ಸಾಲಿದೆ. ಕೆಳಭಾಗದಲ್ಲಿ ಏಳನೆಯ ಪ್ರಶ್ನೆಯ ಮೊದಲ ಸಾಲಿದೆ. ಎರಡು ಅರ್ಧ ಪ್ರಶ್ನೆ, ಒಂದೂ ಪೂರ್ತಿ ಇಲ್ಲ. ಚೀಟಿ ಕತ್ತರಿಸಿದ ದಿನ ನಮ್ಮ ಕಟಿಂಗ್ ಮೆಷಿನ್ನಿನ ತಿರುಪು ಸಡಿಲವಾಗಿ ಹಾಳೆಯ ಕಟ್ಟು ಜಾರಿತ್ತು, ಇಡೀ ಕಟ್ಟು ತಪ್ಪಾಗಿ ತುಂಡಾಯಿತು. ಅದನ್ನು ರದ್ದಿ ಪೆಟ್ಟಿಗೆಗೆ ಹಾಕಿ ಬೇರೆ ಅಚ್ಚು ಹಾಕಿದೆ. ಸರಿಯಾಗಿ ತುಂಡಾದದ್ದು ಪ್ರೊಫೆಸರರ ಕೈಗೆ ಹೋಯಿತು. ತಪ್ಪಾದದ್ದು ಅಂಗಡಿಯಲ್ಲೇ ಉಳಿಯಿತು, ನಾವು ಗೋಡೆಗೆ ಅಂಟಿಸಿದ ಆ ಒಂದರ ಹೊರತು. ಅರ್ಧರ್ಧ ಪ್ರಶ್ನೆಯ ಚೀಟಿಯನ್ನು ಯಾವ ಪರೀಕ್ಷೆಯ ಮೇಜಿನ ಮೇಲೂ ಇಡುವುದಿಲ್ಲ, ಸ್ವಾಮಿ. ಇಟ್ಟಿಲ್ಲದ್ದನ್ನು ಅಲ್ಲಿಂದ ಯಾರೂ ಕದಿಯಲಾರರು. ಕಾಗದ ಕತ್ತರಿಸುವ ಯಾರನ್ನು ಕರೆದು ಕೇಳಿದ್ದರೂ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದರು. ಸಮಿತಿ ಕೂತದ್ದು ನನ್ನ ಅಂಗಡಿಯ ನೇರ ಮೇಲಿನ ಕೊಠಡಿಯಲ್ಲಿ. ಯಾರೂ ಇಳಿದು ಬರಲಿಲ್ಲ.

ನಾನು ಹತ್ತಿ ಹೋಗಲಿಲ್ಲ.

ಯಾಕೆ ಹೋಗಲಿಲ್ಲ — ಹೆದರಿದಳು, ಕೆಲಸ ಹೋಗುತ್ತದೆ ಎಂದು ಹೆದರಿದಳು, ಹೀಗೆ ನೀವು ಅಂದುಕೊಂಡರೆ ನನಗೆ ಅನುಕೂಲ. ಆದರೆ ಅದು ನಿಜವಲ್ಲ. ಸಮಿತಿಯ ಮುಂದೆ ರೇಲ್ಯಾ ಹೇಳಿದ್ದು ಎರಡೇ ವಾಕ್ಯ: "ಸಂಪಾದಕ ನಾನು. ಗೋಡೆಯ ಮೇಲಿರುವುದಕ್ಕೆಲ್ಲ ನಾನೇ ಹೊಣೆ." ಹೊರಗೆ ಬಂದಾಗ ಇಡೀ ಕಾರಿಡಾರು ಚಪ್ಪಾಳೆ ತಟ್ಟಿತು. ಮೊದಲ ಮಹಡಿ, ಎರಡನೆಯ ಮಹಡಿ, ಮೆಟ್ಟಿಲ ಮೇಲೆ ಕೂತವರು, ಎಲ್ಲರೂ. ಕೆಳಗೆ ನನ್ನ ಕಿಂಡಿಯ ಗಾಜು ನಡುಗುತ್ತಿತ್ತು. ನಾನು ಆಗ ಅವನಿಗೆ ಒಂದು ವರ್ಷ ಹೋಯಿತಲ್ಲ ಎಂದು ಯೋಚಿಸಲಿಲ್ಲ. ಈ ಚಪ್ಪಾಳೆ ನನ್ನದು ಎಂದು ಯೋಚಿಸಿದೆ. ಅವನಿಗೆ ಸಿಕ್ಕ ಶಿಕ್ಷೆಯ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಹೊರಗೆ ಹಾಕಿಸಿಕೊಳ್ಳಬೇಕಾದರೂ ಮೊದಲು ಒಳಗಿರಬೇಕಲ್ಲ.

ಅರ್ಧ ಗಂಟೆಯ ಮೇಲೆ ಅವನು ಕಿಂಡಿಗೆ ಬಂದ.

"ಚಪ್ಪಾಳೆ ಚೆನ್ನಾಗಿತ್ತಾ?" ಎಂದೆ.

"ಗದ್ದಲ ಜಾಸ್ತಿ. ನೀನು ಕೇಳಿಸ್ಕೊಂಡ್ಯಾ?"

"ಗೋಡೆಗೂ ಕೇಳಿಸ್ತು. ನೀನು ಯಾಕೆ ಹೇಳ್ಲಿಲ್ಲ, ಅವಳು ಬರೆದದ್ದು ಅಂತ?"

"ಹೇಳೋದು ನಿನ್ನ ಕೆಲಸ. ಹೇಳ್ಬೇಕು ಅನ್ನಿಸಿದ್ರೆ ಹತ್ತಿ ಹೋಗಿ ಹೇಳು. ಬೇಡ ಅನ್ನಿಸಿದ್ರೆ ಬಿಡು. ನಂದು ಒಂದೇ ಪರೀಕ್ಷೆ ಬಾಕಿ ಇರೋದು, ಮುಂದಿನ ವರ್ಷ ಕೊಡ್ತೀನಿ. ಅಲ್ಲಿವರೆಗೆ ಮಾವನ ಬೇಕರಿ ವ್ಯಾನ್ ಓಡಿಸ್ತೀನಿ."

"ದೊಡ್ಡ ಮನುಷ್ಯ."

"ಉದ್ದ ಮನುಷ್ಯ. ಕಿಂಡಿ ಸ್ವಲ್ಪ ಎತ್ತರ ಮಾಡ್ಸು, ಸೊಂಟ ಹೋಯ್ತು."

ಅದು ನಮ್ಮ ಕೊನೆಯ ಮಾತು. ಆಗ ಹೋಗಿ ಹೇಳಿದ್ದರೆ ಚಪ್ಪಾಳೆಗೆ ಆಸೆಪಟ್ಟು ಬಂದಳು ಎನ್ನುತ್ತಿದ್ದರು. ಅದು ನಿಜವೂ ಹೌದು ಎಂದು ನನಗೆ ಗೊತ್ತಿತ್ತು. ಹಾಗೆ ಮೇ ಹೋಯಿತು, ಜೂನ್ ಹೋಯಿತು. ಅಕ್ಟೋಬರಿನಲ್ಲಿ ಮೊರಾವಾ ದಂಡೆಯ ರಸ್ತೆಯಲ್ಲಿ ಮಂಜು ಕವಿದ ಒಂದು ಬೆಳಗ್ಗೆ ಅವನ ವ್ಯಾನಿಗೆ ಲಾರಿ ಗುದ್ದಿತು. ಶಿಕ್ಷೆ ಇಲ್ಲದಿದ್ದರೆ ಅವನು ಆ ರಸ್ತೆಯಲ್ಲಿ ಇರುತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಇರುತ್ತಿದ್ದ ಎಂದೂ ಹೇಳಲಾರೆ.

ಅವನ ಸಾವಿನ ಹಾಳೆಗಳನ್ನು ಅಚ್ಚು ಹಾಕಿದ್ದು ನಾನೇ. ಕಪ್ಪಂಚು, ಫೋಟೊ, ಕೆಳಗೆ 'ರೇಲ್ಯಾ ಮಿಯಾಟೊವ್', ಅದರ ಕೆಳಗೆ 'ಇತಿಹಾಸ ವಿದ್ಯಾರ್ಥಿ'. ಊರಿನ ಕಂಬಗಳಿಗೆ, ಮರಗಳಿಗೆ, ಇಲ್ಲಿಯ ಹಲಗೆಗೆ ಅಂಟಿಸಲು ನೂರು ಪ್ರತಿ ಬೇಕಿತ್ತು. ಮೊದಲ ಪ್ರತಿ ಹೊರಬರುವ ಹೊತ್ತಿಗೆ ಕಚೇರಿಯಿಂದ ಫೋನು.

"ಯಗೋದಾ, ಆ ಇತಿಹಾಸ ವಿದ್ಯಾರ್ಥಿ ಅನ್ನೋದನ್ನ ತೆಗೆದುಬಿಡು. ಈಗ ಅವನ ಹೆಸರು ನಮ್ಮ ಪಟ್ಟಿಯಲ್ಲಿಲ್ಲ."

"ಸತ್ತ ಮೇಲೂನಾ?"

"ನಾನೇನ್ ಮಾಡ್ಲಿ ತಾಯಿ. ಕಾಗದ ಹಾಗಿದೆ."

ತೆಗೆದೆ. ಫೋನಿನಲ್ಲಿ ಇದ್ದವರನ್ನು ಬೈಯಬೇಡಿ, ತೆಗೆದದ್ದು ನನ್ನ ಬೆರಳು. ಹೆಸರಿನ ಕೆಳಗೆ ಖಾಲಿ ಜಾಗ ಉಳಿಯಿತು. ಅದನ್ನೇ ನೀವೆಲ್ಲ ಕಂಬಗಳ ಮೇಲೆ ನೋಡಿದ್ದು.

ಲ್ಯುಬಿಂಕಾ ಅಮ್ಮ ಅರ್ಜಿ ಹಾಕಿದ್ದಾರೆ: ಮಗನ ಹೆಸರಿನಲ್ಲಿ ಪದವಿಪತ್ರ ಕೊಡಿ, ಉಳಿದದ್ದು ಒಂದೇ ಪರೀಕ್ಷೆ. ಕಳ್ಳತನದ ಶಿಕ್ಷೆ ದಾಖಲೆಯಲ್ಲಿರುವಾಗ ಕೊಡಲು ಬರುವುದಿಲ್ಲ ಎಂದು ಉತ್ತರ ಹೋಗಿದೆ. ಸೋಮವಾರ ಪರಿಷತ್ತು ಕೊನೆಯ ತೀರ್ಮಾನ ಮಾಡುತ್ತದೆ. ಅದಕ್ಕೇ ಇಂದು ನಿಂತಿದ್ದೇನೆ. ಬೇರೆ ಏನೂ ಇಲ್ಲ, ಅದೊಂದಕ್ಕೇ.

ಡೀನ್ ಮೇಡಂ, ಇಗೋ — ಈ ಲಕೋಟೆ ತಮಗೆ. ಒಳಗೆ ನನ್ನ ಸಹಿ ಮಾಡಿದ ಹೇಳಿಕೆ ಇದೆ. ನನ್ನ ಕೈಬರಹದ ಮೂರು ಹಾಳೆ, ಅದರ ಮೇಲೆ ಅವನ ಕೆಂಪು ಸಾಲು. ತಪ್ಪಾಗಿ ತುಂಡಾದ ಹಸಿರು ಚೀಟಿಗಳಲ್ಲಿ ನಾನು ರದ್ದಿಯಿಂದ ಎತ್ತಿಟ್ಟುಕೊಂಡ ಒಂದು ಹಿಡಿ. ಸಮಿತಿಯ ಕಡತದಲ್ಲಿರುವುದನ್ನು ಇವುಗಳ ಪಕ್ಕ ಇಟ್ಟು ನೋಡಿ. ಈ ಸಲ ಓದಿ. ಗುಟ್ಟಿನ ಕಾಗದವನ್ನು ಅಂಗಡಿಯಿಂದ ಹೊರಗೆ ಹಾಕಿದ ತಪ್ಪು ನನ್ನದು, ಅದಕ್ಕೆ ನನ್ನ ಮೇಲೆ ಏನು ಮಾಡಬೇಕೋ ಮಾಡಿ. — ತೆಗೆದುಕೊಳ್ಳಿ ಮೇಡಂ. ನನ್ನ ಕೈ ನೋಯುತ್ತಿದೆ.

ಧನ್ಯವಾದ.

ಅಂಗಡಿಯ ಯಜಮಾನಿ ಮಿಲುಂಕಾ ಅಕ್ಕನಿಗೆ ಇದೊಂದೂ ಗೊತ್ತಿರಲಿಲ್ಲ, ಇದನ್ನೂ ಬರೆದಿದ್ದೇನೆ. ಮೊನ್ನೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, "ಇಪ್ಪತ್ತಾರು ವರ್ಷ ಕಣೇ. ಇಪ್ಪತ್ತಾರು ವರ್ಷ ಇವರ ಪ್ರಶ್ನೆಪತ್ರಿಕೆ ನನ್ನ ಕೈಯಲ್ಲಿ ಹೋಗಿ ಬಂದಿವೆ. ಒಂದು ಅಕ್ಷರ ಹೊರಗೆ ಬಿದ್ದಿಲ್ಲ. ಇನ್ನು ಯಾರು ಕೊಡ್ತಾರೆ ನನಗೆ?" ಎಂದರು. ಆಮೇಲೆ, "ಹೋಗಿ ಹೇಳು. ಹೇಳಿದ ಮೇಲೆ ಬೀಗದ ಕೈ ಕೊಟ್ಟುಹೋಗು" ಎಂದರು. ಮಿಲುಂಕಾ ಅಕ್ಕ, ಬೀಗದ ಕೈ ನಿಮ್ಮ ಕೋಟಿನ ಜೇಬಿನಲ್ಲಿದೆ, ಬರುವಾಗಲೇ ಹಾಕಿದೆ.

ಇವತ್ತು ಮಧ್ಯಾಹ್ನ ಲ್ಯುಬಿಂಕಾ ಅಮ್ಮನಿಗೂ ಹೇಳಿದೆ. ನಿಮ್ಮೆಲ್ಲರಿಗಿಂತ ಮೊದಲು ಅವರು ಕೇಳಬೇಕಿತ್ತು. ಹೊರಗೆ ಮೇಜಿನ ಮೇಲೆ, ಸತ್ತವರ ನೆನಪಿಗೆ ಹಂಚುವ ಬೇಯಿಸಿದ ಗೋಧಿಯ ತಟ್ಟೆ ಇಟ್ಟು, ಸಕ್ಕರೆ ಪುಡಿ ಉದುರಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಮೇ ತಿಂಗಳಲ್ಲೇ ಹೇಳಿದ್ರೆ ಜೂನ್‌ನಲ್ಲಿ ಪರೀಕ್ಷೆ ಕೊಡ್ತಿದ್ದ" ಎಂದರು.

"ಹೌದಮ್ಮ."

"ನಾನು ನಿನ್ನ ಕ್ಷಮಿಸೋಕಾಗಲ್ಲ."

"ಬೇಡಮ್ಮ."

"ಅವನು ನಿನ್ನ ವಿಷಯ ಹೇಳ್ತಿದ್ದ. ನನಗಿಂತ ಚೆನ್ನಾಗಿ ಬರೀತಾಳೆ, ಆದ್ರೆ ಒಂದು ಕಡೆ ಕೂರಲ್ಲ, ಅಂತಿದ್ದ." ಇಷ್ಟು ಹೇಳಿ, ಚಮಚ ಒರೆಸಿ ಪಕ್ಕಕ್ಕಿಟ್ಟರು. "ಒಳಗೆ ಹೋಗಿ ಹೇಳು. ಗಟ್ಟಿಯಾಗಿ ಹೇಳು. ಹಿಂದಿನ ಸಾಲಿಗೂ ಕೇಳಬೇಕು."

ಹಿಂದಿನ ಸಾಲಿನವರೆ, ಕೇಳಿಸಿತಾ? — ಸರಿ.

ರೇಲ್ಯಾನ ತರಗತಿಯವರಿಗೆ ಒಂದು ಮಾತು. ಸೋಮವಾರ ಪರಿಷತ್ತು ಕೂರುವ ಕೊಠಡಿಯ ಹೊರಗೆ ನಿಂತಿರಿ. ಘೋಷಣೆ ಬೇಡ, ಚಪ್ಪಾಳೆಯಂತೂ ಬೇಡವೇ ಬೇಡ. ಸುಮ್ಮನೆ ನಿಂತಿರಿ. ಒಳಗಿರುವವರು ಬಾಗಿಲು ತೆರೆದಾಗ ನಿಮ್ಮ ಮುಖ ಕಾಣಬೇಕು. ಅವರು ಕೇಳಿದರೆ ಹೇಳಿ, ಆ ಖಾಲಿ ಜಾಗದಲ್ಲಿ 'ಇತಿಹಾಸ ವಿದ್ಯಾರ್ಥಿ' ಎಂಬ ಎರಡು ಪದ ಮತ್ತೆ ಬರಬೇಕು ಎಂದು. ಅಮ್ಮನ ಕೈಗೆ ಕಾಗದ ಬರುವವರೆಗೆ ಬಿಡಬೇಡಿ. ನನಗೆ ಆ ಜಾಗದಲ್ಲಿ ನಿಲ್ಲುವ ಹಕ್ಕಿಲ್ಲ, ನಿಮಗಿದೆ. ಅದಕ್ಕೂ ನನಗೆ ನಿಮ್ಮ ಮೇಲೆ ಹೊಟ್ಟೆಕಿಚ್ಚು.

ನನ್ನ ಫೋನ್ ನಂಬರು ಹೇಳಿಕೆಯ ಕೆಳಗಿದೆ. ಪರಿಷತ್ತು ಕರೆದರೆ ಯಾವ ದಿನವಾದರೂ ಬಂದು ಇದನ್ನೇ ಇನ್ನೊಮ್ಮೆ ಹೇಳುತ್ತೇನೆ.

ಈಗ ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ರೇಲ್ಯಾನಿಗಾಗಿ ಒಂದು ನಿಮಿಷ ಮೌನ. ಆಮೇಲೆ ಹೊರಗೆ ಹೋಗುವಾಗ ಅಮ್ಮನ ತಟ್ಟೆಯಿಂದ ಒಂದೊಂದು ಚಮಚ ಗೋಧಿ ತಿಂದೇ ಹೋಗಿ, ಯಾರೂ ತಪ್ಪಿಸಬೇಡಿ.

ನಾನು ನಾಳೆ ಬೆಳಗ್ಗೆ ಆರೂ ನಲವತ್ತರ ಬಸ್ಸಿಗೆ, ಬೇರೆ ಕೆಲಸ ಹುಡುಕಿಕೊಂಡು, ಸುಬೋತಿತ್ಸಾಕ್ಕೆ ಹೋಗುತ್ತಿದ್ದೇನೆ.